ಜ್ವರ ಅಲ್ಲ

ಇಸ್ತ್ರಿ ಅಕ್ಕ ಅಂಗಿಗೊಂದರಂತೆ ಶಾಪ ಹಾಕುತ್ತಿದ್ದಳು. ಕಾಲರು ತೀಡುವಾಗ ಜೈಲರನಿಗೆ, ತೋಳು ತೀಡುವಾಗ ಡಾಕ್ಟರನಿಗೆ, ಬೆನ್ನಿನ ಅಗಲ ಬಟ್ಟೆ ಬಂತೆಂದರೆ ಪಾದ್ರಿಗೆ. ಪಾದ್ರಿಯ ಪಾಲಿಗೇ ದೊಡ್ಡ ಜಾಗ.

“ಆ ಪಾದ್ರಿಯ ನಾಲಿಗೆಗೆ ಹುಳ ಬೀಳ! ಅವನು ಕೈ ಮುಗಿದಾಗಲೆಲ್ಲ ಅವನ ದೇವರು ಅತ್ತ ಮುಖ ತಿರುಗಿಸಲಿ! ಏನೋ ತಮ್ಮ, ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀಯಲ್ಲ, ನೀನೂ ಒಂದು ಮಾತು ಬೈಯಬಾರದಾ? ಒಳಗಿದ್ದು ಬಂದೋನು ನೀನು. ನಿನಗೆ ಗೊತ್ತಿರೋ ಬೈಗುಳ ನನಗೆ ಎಲ್ಲಿ ಗೊತ್ತು?”

ಮೇಜಿನ ಕೆಳಗೆ ಕುಕ್ಕರಗಾಲಲ್ಲಿ ಕೂತು ಕೆಂಡಕ್ಕೆ ಗಾಳಿ ಹಾಕುತ್ತಿದ್ದವನು ತಲೆ ಎತ್ತಲಿಲ್ಲ. “ಹುಳ ಬೀಳಲಿ ಅಕ್ಕ,” ಅಂದ. ಮನಸಾರೆ ಅಂದ.

ಯಾಕೆಂದರೆ ಆ ಪಾದ್ರಿ ಅವನೇ. ಇದನ್ನು ಕೊನೆಯವರೆಗೆ ಬಚ್ಚಿಟ್ಟು ನಿಮ್ಮನ್ನು ಸತಾಯಿಸುವ ಆಸೆ ನನಗಿಲ್ಲ. ಏಳು ವರ್ಷ ಎದುರಿನ ಜೈಲಿನಲ್ಲಿ ಪ್ರಾರ್ಥನೆ ಮಾಡಿಸಿದವನು, ಉದ್ದ ಗಡ್ಡ, ಬಿಳಿ ನಿಲುವಂಗಿ, ಕೈದಿಗಳೆಲ್ಲ ‘ಫಾದರ್, ಫಾದರ್’ ಎಂದು ಸುತ್ತುಗಟ್ಟುತ್ತಿದ್ದ ಮನುಷ್ಯ, ಈಗ ಬೋಳು ಗಲ್ಲದಲ್ಲಿ, ಯಾರದೋ ಹಳೆಯ ಪ್ಯಾಂಟು ತೊಟ್ಟು, ಜೈಲಿನ ಹಿಂದಿನ ಬೀದಿಯಲ್ಲಿ ಕೆಂಡ ಊದುತ್ತಿದ್ದ. ಬೀದಿಯವರ ಪಾಲಿಗೆ ಅವನೊಬ್ಬ ಬಿಡುಗಡೆಯಾದ ಕಳ್ಳ. ಕಳ್ಳನೋ ಕೊಲೆಗಾರನೋ, ಅದನ್ನು ಅವರು ಕೇಳಿರಲಿಲ್ಲ. ಕೇಳದೇ ಇರುವುದೇ ಆ ಬೀದಿಯ ಕಟ್ಟಳೆ.

ಅದು ಹೀಗೆ. ಜೈಲಿಗೆ ಎರಡು ಬಾಗಿಲು. ಮುಂದಿನದು ದೊಡ್ಡದು, ಸಾಹೇಬರ ಕಾರಿಗೆ, ಹೊಸ ಕೈದಿಗಳ ವ್ಯಾನಿಗೆ. ಹಿಂದಿನದು ಬಗ್ಗಿ ದಾಟಬೇಕಾದ ಸಣ್ಣ ಕಬ್ಬಿಣದ ಬಾಗಿಲು, ಶಿಕ್ಷೆ ಮುಗಿದವರಿಗೆ. ಹೊರಗೆ ಬರುವವನಿಗೆ ಅವನು ಹೊದ್ದು ಮಲಗಿದ್ದ ಬೂದು ಕಂಬಳಿಯನ್ನು ಕೊಟ್ಟು ಕಳಿಸುತ್ತಾರೆ. ಇನ್ನೊಬ್ಬರು ಹೊದೆಯದಷ್ಟು ಅದು ಸವೆದಿರುತ್ತದೆ, ಅದಕ್ಕೆ ಈ ಧಾರಾಳತನ. ಅವನು ತನ್ನ ಬಟ್ಟೆಬರೆಯನ್ನು ಅದರಲ್ಲೇ ಗಂಟು ಕಟ್ಟಿ ಬೀದಿಗೆ ಬಂದು ಎತ್ತ ಹೋಗುವುದೆಂದು ತಿಳಿಯದೆ ನಿಲ್ಲುತ್ತಾನೆ. ಬೂದು ಗಂಟು ಕಂಡಿತೆಂದರೆ ಮೊದಲ ಮನೆಯವರು ಬಿಸಿನೀರು ಕೊಡಬೇಕು. ಕತ್ತರಿ ಎಂದೇ ಹೆಸರಾದ ಕ್ಷೌರದವನು ಪುಕ್ಕಟೆ ಗಡ್ಡ ತೆಗೆಯಬೇಕು. ಯಾರ ಮನೆಯಲ್ಲಿ ಮೂಲೆ ಖಾಲಿಯಿದೆಯೋ ಅವರು ಮಲಗಲು ಜಾಗ ಕೊಡಬೇಕು. ಏನು ಮಾಡಿದೆ, ಎಷ್ಟು ವರ್ಷ, ಯಾರು ನೀನು — ಒಂದು ಪ್ರಶ್ನೆ ಕೂಡದು. “ಒಳಗೆ ಕೇಳಿ ಕೇಳಿ ಅವನ ಪ್ರಾಣ ತಿಂದಿರ್ತಾರೆ, ನಾವೂ ತಿನ್ನೋದು ಬೇಡ,” ಅನ್ನುತ್ತಿದ್ದ ಚಪ್ಪಲಿ ಹೊಲಿಯುವ ತಾತ. ಅವನೂ ಮೂವತ್ತು ವರ್ಷದ ಹಿಂದೆ ಅದೇ ಬಾಗಿಲಿನಿಂದ ಬಗ್ಗಿ ಬಂದವನು.

ಪಾದ್ರಿಯೂ ಆರು ತಿಂಗಳ ಹಿಂದೆ ಅದೇ ಬಾಗಿಲಿನಿಂದ ಬಗ್ಗಿ ಬಂದ. ಮುಂದಿನ ಬಾಗಿಲಿಗೆ ಬಿಷಪ್ಪರ ಮನೆಯ ಕಾರು ಬಂದು ನಿಂತಿತ್ತು. ವಯಸ್ಸಾದ ಪಾದ್ರಿಗಳನ್ನಿಡುವ ದೂರದ ಮನೆಯೊಂದಕ್ಕೆ ಅವನನ್ನು ಸಾಗಿಸಲು. ನಲವತ್ತೆಂಟಕ್ಕೇ ಅವನನ್ನು ಮುದುಕನನ್ನಾಗಿ ಮಾಡಿದ್ದರು. ಬಾಯಿ ಮುಚ್ಚಿಸುವುದಕ್ಕೆ ಅದೂ ಒಂದು ದಾರಿ. ಅವನು ನಿಲುವಂಗಿಯನ್ನು ಪ್ರಾರ್ಥನೆ ಕೋಣೆಯ ಮೊಳೆಗೆ ನೇತುಹಾಕಿ, ಕೈದಿಗಳು ಬೀಳ್ಕೊಡುಗೆಯೆಂದು ಕೊಟ್ಟ ಕಂಬಳಿಯಲ್ಲಿ ಎರಡು ಪುಸ್ತಕ, ಒಂದು ಜೊತೆ ಬಟ್ಟೆ ಕಟ್ಟಿಕೊಂಡು ಹಿಂದಿನಿಂದ ಜಾರಿಕೊಂಡ. ಮುಂದೇನು ಎಂದು ಯೋಚಿಸಿರಲಿಲ್ಲ. ಯೋಚಿಸುವ ಮೊದಲೇ ಬಿಸಿನೀರಿನ ಚೊಂಬು ಅವನ ಕೈಗೆ ಬಂದಿತ್ತು, ಕತ್ತರಿ ಅವನ ಗಲ್ಲಕ್ಕೆ ಸೋಪು ಬಳಿದಿದ್ದ.

ಸ್ವಲ್ಪವಾದರೂ ಅನುಮಾನ ಬರಬೇಡವೇ? ಬರಲಿಲ್ಲ. ಅವನು ಮಾಡಿದ್ದೆಲ್ಲ ಒಳಗಿದ್ದು ಬಂದವರು ಮಾಡುವಂಥದ್ದೇ. ಮುಚ್ಚಿದ ಬಾಗಿಲೆದುರು ಹೋಗಿ, ತಳ್ಳಿದರೆ ತೆರೆಯುತ್ತದೆ ಎಂಬುದನ್ನು ಮರೆತು, ಯಾರಾದರೂ ತೆಗೆದಾರು ಎಂದು ಕಾದು ನಿಲ್ಲುತ್ತಿದ್ದ. ಏಳು ವರ್ಷ ಬೀಗದ ಕೈ ಹಿಡಿದವನು ಬಂದು ತೆಗೆಯುವವರೆಗೆ ನಿಂತು ನಿಂತು ಕಾಲಿಗೆ ಅದೇ ರೂಢಿ. ಅಷ್ಟೂ ವರ್ಷ ಜೈಲಿನೊಳಗೇ ಮಲಗಿ ಎದ್ದವನಲ್ಲವೇ, ಅಲ್ಲಿನ ಬೆಳಗಿನ ಗಂಟೆ ಹೊಡೆಯುವ ಮೊದಲೇ ಎದ್ದು ಚಾಪೆ ಮಡಿಸಿ ಅದರ ಪಕ್ಕ ನೆಟ್ಟಗೆ ನಿಲ್ಲುತ್ತಿದ್ದ. “ಅಯ್ಯೋ ಪಾಪ, ಬಹಳ ವರ್ಷದ ಗಿರಾಕಿ!” ಎಂದು ಇಸ್ತ್ರಿ ಅಕ್ಕ ಲೊಚಗುಟ್ಟಿದಳು. ಅವಳ ಮನೆಯಲ್ಲಿ ಒಂದು ಮೂಲೆ ಖಾಲಿಯಿತ್ತು. ಮಗ ಮಲಗುತ್ತಿದ್ದ ಮೂಲೆ. ಬೀದಿ ಅವನಿಗೆ ಕಂಬಳಿ ಎಂದು ಹೆಸರಿಟ್ಟಿತು.

ಎರಡನೆಯ ದಿನ ಬೆಳಗ್ಗೆ ಅವಳು ಮೊದಲ ಅಂಗಿ ಹಾಸಿ ಮೊದಲ ಶಾಪ ಹಾಕಿದಾಗ ಅವನಿಗೆ ಗೊತ್ತಾಯಿತು, ತಾನು ಯಾರ ಮಗನ ಮೂಲೆಯಲ್ಲಿ ಮಲಗಿದ್ದೇನೆಂದು.

ಅವಳ ಮಗ ಬಣ್ಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಇಪ್ಪತ್ತೆರಡು ವರ್ಷ. ಮಾಲೀಕ ಇಬ್ಬರು ಹೆಂಗಸರನ್ನು ಕೆಲಸದಿಂದ ಕಿತ್ತುಹಾಕಿದಾಗ ಇವನು ಗೇಟಿಗೆ ಅಡ್ಡ ನಿಂತ. ತಳ್ಳಾಟವಾಯಿತು, ಗಾಜು ಒಡೆಯಿತು, ಮೂರು ತಿಂಗಳ ಸಜೆ. ಇಪ್ಪತ್ತನೆಯ ದಿನ ಒಂದು ಕಾಗದ ಬಂತು. ಹೆಣ ಬರಲಿಲ್ಲ. ಅಂಟುಜಾಡ್ಯದ ಜ್ವರ, ಕೊಡುವ ಹಾಗಿಲ್ಲ ಎಂದು ಒಳಗೇ ಹೂತಿದ್ದರು. ಕಾಗದದಲ್ಲಿ ಡಾಕ್ಟರನ ಗೀಚು, ಅದರ ಕೆಳಗೆ ದುಂಡು ಅಕ್ಷರದಲ್ಲಿ ಪಾದ್ರಿಯದೇ ಕೈಬರಹ, ನಾಲ್ಕು ಸಾಲು: ‘ಈತ ಮೂರು ದಿನ ಜ್ವರದಿಂದ ನರಳಿ, ನನ್ನಿಂದ ಪ್ರಾರ್ಥನೆ ಪಡೆದು, ಯಾರ ಮೇಲೂ ದೂರಿಲ್ಲದೆ ಶಾಂತಿಯಿಂದ ಕಣ್ಣು ಮುಚ್ಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.’

ಅಕ್ಕನಿಗೆ ಓದಲು ಬರುವುದಿಲ್ಲ. ಓದಿಸಿ ಓದಿಸಿ ಬಾಯಿಪಾಠವಾಗಿತ್ತು. “ಯಾರ ಮೇಲೂ ದೂರಿಲ್ಲದೆ! ನನ್ನ ಮಗನಾ? ಹುಟ್ಟುವಾಗ್ಲೇ ಸೂಲಗಿತ್ತಿ ಮೇಲೆ ದೂರು ಹೇಳ್ಕೊಂಡು ಹುಟ್ಟಿದೋನು ಅವನು!” ಎಂದು ಅವಳು ಕಚೇರಿಯಿಂದ ಕಚೇರಿಗೆ ಅಲೆದಳು. ಎಲ್ಲಿ ಹೋದರೂ ಒಂದೇ ಉತ್ತರ. ‘ಡಾಕ್ಟರ್ ಬರೆದದ್ದು ಬಿಡಮ್ಮ, ಪಾದ್ರಿಯವರೇ ಕೈಯಾರೆ ಬರೆದಿದ್ದಾರಲ್ಲ. ದೇವರ ಮನುಷ್ಯ ಸುಳ್ಳು ಬರೀತಾನಾ?’ ಒಂದೂವರೆ ವರ್ಷದಿಂದ ಅವಳು ಕೇಳುತ್ತಿದ್ದದ್ದು ಇಷ್ಟೇ. ಪರಿಹಾರ ಬೇಡ, ಪಿಂಚಣಿ ಬೇಡ. ಆ ಕಾಗದದಲ್ಲಿ ಜ್ವರ ಎಂಬ ಪದ ಹೊಡೆದುಹಾಕಬೇಕು, ನಿಜವಾಗಿ ಏನಾಯಿತೋ ಅದನ್ನು ಬರೆಯಬೇಕು.

ದೇವರ ಮನುಷ್ಯ ಸುಳ್ಳು ಬರೆದಿದ್ದ. ಅವನನ್ನು ಕರೆದದ್ದೇ ಎಲ್ಲ ಮುಗಿದ ಮೇಲೆ. ಉಗ್ರಾಣದ ನೆಲದ ಮೇಲೆ ಹುಡುಗ ಬಿದ್ದಿದ್ದ. ಅಂಗಾಲು ಒಡೆದಿತ್ತು, ಪಕ್ಕೆ ಕಪ್ಪಗೆ ಬಾತಿತ್ತು. ಜೈಲರ್ ಪೆನ್ನು ಕೊಟ್ಟು ಹೇಳಿದ್ದ: ಬರೆಯದಿದ್ದರೆ ನಾಳೆಯಿಂದ ಪ್ರಾರ್ಥನೆ ಕೋಣೆಗೆ ಬೀಗ, ನೀವು ಮನೆಗೆ. ಉಳಿದ ಕೈದಿಗಳ ಗತಿಯೇನು ಎಂದು ಪಾದ್ರಿ ತನಗೆ ತಾನೇ ಸಮಾಧಾನ ಹೇಳಿಕೊಂಡ. ಅದೆಲ್ಲ ಬರೀ ನೆಪ. ಹೆದರಿದ, ಬರೆದ, ಅಷ್ಟೇ. ಒಂದು ವರ್ಷ ಆ ನಾಲ್ಕು ಸಾಲು ಅವನನ್ನು ನಿದ್ದೆ ಮಾಡಲು ಬಿಡಲಿಲ್ಲ. ಕೊನೆಗೆ ಬಿಷಪ್ಪರ ಮುಂದೆ ಹೋಗಿ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಅಂದ. ಅದರ ಫಲವೇ ಮುಂದಿನ ಬಾಗಿಲಿಗೆ ಬಂದು ನಿಂತ ಕಾರು.

ಹೇಳಿಬಿಡೋಣ ಎಂದು ಅವನು ದಿನಾ ಎದ್ದ, ಹೇಳದೆ ದಿನಾ ಮಲಗಿದ. ತಟ್ಟೆಗೆ ಬಡಿಸುವಾಗ “ಇನ್ನೊಂದು ತುತ್ತು ತಿನ್ನು, ಗಾಳಿ ಬಂದರೆ ಹಾರಿಹೋಗ್ತೀಯ,” ಅನ್ನುವ ಹೆಂಗಸಿನ ಮುಂದೆ ಯಾವ ಬಾಯಿಯಿಂದ ಹೇಳುವುದು? ಕೆಂಡ ಸಿದ್ಧಮಾಡಿಕೊಟ್ಟ, ಮಡಿಸಿದ ಬಟ್ಟೆಯ ಗಂಟನ್ನು ಮನೆಮನೆಗೆ ಮುಟ್ಟಿಸಿದ, ಹೊಸ ಬೂದು ಗಂಟು ಬೀದಿಗೆ ಬಂದ ದಿನ ಹೊಟ್ಟೆನೋವೆಂದು ಗೋಡೆಗೆ ಮುಖ ಮಾಡಿ ಮಲಗಿದ. ಒಳಗಿನವರಿಗೆ ಅವನ ಮುಖ ಗೊತ್ತಲ್ಲ. ವಿಚಿತ್ರವೆಂದರೆ, ನಿಲುವಂಗಿ ತೊಟ್ಟಾಗ ಯಾರೂ ಹೇಳದ ಗುಟ್ಟುಗಳನ್ನು ಜನ ಈಗ ಕಳ್ಳನಿಗೆ ಹೇಳಿದರು. ಕತ್ತರಿ ತನ್ನ ಅಣ್ಣನಿಗೆ ಮಾಡಿದ ಮೋಸ ಹೇಳಿಕೊಂಡು ಅತ್ತ. ಚಪ್ಪಲಿ ತಾತ ತಾನು ಒಳಗೆ ಹೋದದ್ದು ಯಾಕೆಂದು ಮೂವತ್ತು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟ. “ನೀನೂ ನಮ್ಮಂಥೋನೇ ಅಲ್ವಾ, ಅದಕ್ಕೆ ಹೇಳಿದೆ,” ಅಂದ. ಕಂಬಳಿ ಹೌದೆಂದು ತಲೆಯಾಡಿಸಿದ. ತನ್ನದನ್ನು ಮಾತ್ರ ನುಂಗಿಕೊಂಡ.

ಹೀಗೆಯೇ ಇನ್ನೆಷ್ಟು ದಿನ ನಡೆಯುತ್ತಿತ್ತೋ. ಒಂದು ಸೋಮವಾರ ಮಧ್ಯಾಹ್ನ ಲಾಯರಮ್ಮ ಸ್ಕೂಟರು ನಿಲ್ಲಿಸಿ, ತಲೆಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ ಓಡಿಬಂದಳು. ಬೀದಿಯ ಮೊಕದ್ದಮೆಗಳನ್ನೆಲ್ಲ ಬಿಟ್ಟಿಯಾಗಿ ನಡೆಸುವವಳು ಅವಳು. “ಅಮ್ಮಾ, ಗುರುವಾರ ವಿಚಾರಣೆ. ಹೊಸ ಅಧಿಕಾರಿ ಕಡತ ತರಿಸಿದ್ದಾರೆ. ಆದರೆ ಇದೇ ಕೊನೆ. ಪಾದ್ರಿಯ ಮಾತನ್ನ ಸುಳ್ಳು ಅನ್ನೋ ಒಬ್ಬ ಸಾಕ್ಷಿ ಬೇಕು. ಇಲ್ಲದಿದ್ದರೆ ಕಡತ ಮುಚ್ಚಿಬಿಡ್ತಾರೆ. ಆಮೇಲೆ ಬ್ರಹ್ಮ ಬಂದರೂ ಬಿಚ್ಚಲ್ಲ.”

ಅಕ್ಕ ಇಸ್ತ್ರಿ ಪೆಟ್ಟಿಗೆ ಕೆಳಗಿಡಲಿಲ್ಲ. ಬಗ್ಗಿ ಮೇಜಿನ ಕೆಳಗೆ ನೋಡಿದಳು. “ಸಾಕ್ಷಿ ಇಲ್ಲೇ ಕೂತಿದೆಯಲ್ಲ,” ಅಂದಳು.

ಲಾಯರಮ್ಮ ಹೋದ ಮೇಲೆ ಅವಳು ಅವನನ್ನು ಎದುರಿಗೆ ಕೂರಿಸಿಕೊಂಡಳು. “ನೋಡು ತಮ್ಮ, ಆರು ತಿಂಗಳಲ್ಲಿ ನಿನ್ನನ್ನ ಒಂದು ಮಾತು ಕೇಳಿದ್ದೀನಾ? ಈಗ್ಲೂ ಕೇಳಲ್ಲ. ನೀನು ಏನೇ ಮಾಡಿ ಒಳಗೆ ಹೋಗಿರು, ನನಗೆ ಬೇಡ. ಆ ತಿಂಗಳು ನೀನು ಒಳಗೇ ಇದ್ದೆಯಲ್ಲ? ಅವನನ್ನ ಹೊಡೆದದ್ದು ನೋಡಿದೆ ಅಂತ ಒಂದು ಮಾತು ಹೇಳಿಬಿಡು. ನೋಡದಿದ್ದರೂ ನೋಡಿದೆ ಅನ್ನು. ಆ ಸುಳ್ಳಿನ ಪಾಪ ನನ್ನ ತಲೆ ಮೇಲಿರಲಿ.”

ಅವನು ಕೈಯ ಬೂದಿಯನ್ನು ಪ್ಯಾಂಟಿಗೆ ಒರೆಸಿಕೊಂಡ. ಈ ಸಲ ನುಣುಚಿಕೊಳ್ಳಲು ಜಾಗವಿರಲಿಲ್ಲ. ಕೈದಿಯೆಂದು ಹೇಳಿ ಕಟಕಟೆ ಹತ್ತಿದರೆ ಜೈಲಿನ ರಿಜಿಸ್ಟರಿನಲ್ಲಿ ಅವನ ಹೆಸರಿಲ್ಲ. ಒಂದೇ ಏಟಿಗೆ ಅಕ್ಕನ ಮೊಕದ್ದಮೆಯೆಲ್ಲ ಕಟ್ಟುಕತೆಯಾಗಿಬಿಡುತ್ತದೆ. ಸುಮ್ಮನಿದ್ದರೆ ಕಡತ ಮುಚ್ಚುತ್ತದೆ.

“ನಾನು ಕೈದಿ ಅಲ್ಲ ಅಕ್ಕ,” ಅಂದ. “ನಾನು ಒಂದು ದಿನವೂ ಸಜೆ ಅನುಭವಿಸಿಲ್ಲ. ನೀನು ದಿನಾ ಬೈತೀಯಲ್ಲ, ಆ ಪಾದ್ರಿ ನಾನೇ. ಆ ನಾಲ್ಕು ಸಾಲು ಬರೆದದ್ದು ಈ ಕೈಯೇ.”

ಪೆಟ್ಟಿಗೆ ಅವಳ ಕೈಯಡಿಯಲ್ಲೇ ನಿಂತುಬಿಟ್ಟಿತು. ಯಾರದೋ ನೀಲಿ ಅಂಗಿ ಕಂದಿತು, ಹೊಗೆಯೆದ್ದಿತು, ಸುಟ್ಟ ವಾಸನೆ ಬೀದಿಗೆಲ್ಲ ಹರಡಿತು. ನಲವತ್ತು ವರ್ಷದಲ್ಲಿ ಒಂದು ಕರವಸ್ತ್ರವನ್ನೂ ಸುಡದ ಹೆಂಗಸು. ಕತ್ತರಿ ಓಡಿಬಂದು ಪೆಟ್ಟಿಗೆ ಎತ್ತಿಟ್ಟ. ಅವಳು ಅದನ್ನು ಕಾಣಲೇ ಇಲ್ಲ.

“ನೀರು ಕೇಳಿದನಾ?” ಅಂದಳು.

“ನಾನು ಬಂದಾಗ ಅವನು ಇರಲಿಲ್ಲ ಅಕ್ಕ. ಪ್ರಾಣ ಹೋಗಿತ್ತು. ಪ್ರಾರ್ಥನೆ, ಶಾಂತಿ, ಕಣ್ಣಾರೆ ಕಂಡೆ ಅಂದದ್ದು, ಎಲ್ಲ ಸುಳ್ಳು. ಹೊಡೆದು ಕೊಂದಿದ್ದರು. ನನಗೆ ಹೆದರಿಕೆಯಾಯಿತು. ಬರೆದೆ.”

“ಎದ್ದು ಹೋಗು,” ಅಂದಳು ಅಕ್ಕ. ಕೂಗಲಿಲ್ಲ. ಒಂದೂವರೆ ವರ್ಷ ಬೈದ ಬಾಯಿಗೆ ಆ ಹೊತ್ತು ಒಂದು ಬೈಗುಳವೂ ಸಿಗಲಿಲ್ಲ.

ಸುದ್ದಿ ಬೀದಿಗೆ ಹಬ್ಬಲು ಎಷ್ಟು ಹೊತ್ತು? ಅವಳ ಪಾಲಿನ ಬೈಗುಳವನ್ನೂ ಬೀದಿಯೇ ಬೈಯಿತು. “ಥೂ ನಿನ್ನ! ಗಂಟು ಹೊತ್ತು ಬಂದೋರಿಗೆ ಅಂತ ಇಟ್ಟ ನೀರಲ್ಲಿ ಮುಖ ತೊಳೆದೆಯಲ್ಲೋ, ಪುಕ್ಕಟೆ ಗಡ್ಡ ತೆಗೆಸ್ಕೊಂಡೆಯಲ್ಲೋ!” ಎಂದು ಕತ್ತರಿ ಮೈಮೇಲೆ ಬಂದವನಂತೆ ಕುಣಿದಾಡಿದ. ಕಂಬಳಿಯ ಗಂಟನ್ನು ಯಾರೋ ಬೀದಿಗೆ ಎಸೆದರು. ಚಪ್ಪಲಿ ತಾತ ಕಾಲ ಬಳಿ ಉಗುಳಿದ. ಬೈಗುಳಕ್ಕಿಂತ ಅದು ಹೆಚ್ಚು ಸುಟ್ಟಿತು. ತನ್ನ ಮೂವತ್ತು ವರ್ಷದ ಗುಟ್ಟನ್ನು ಆ ಮುದುಕ ಇವನ ಕಿವಿಯಲ್ಲಿ ಇಟ್ಟಿದ್ದ.

ಪಾದ್ರಿ ಗಂಟು ಎತ್ತಿಕೊಂಡ. ಆದರೆ ಹೋಗಲಿಲ್ಲ. ಅಕ್ಕನ ಮೇಜಿನ ಎದುರು, ಚರಂಡಿ ಕಟ್ಟೆಯ ಮೇಲೆ ಕುಕ್ಕರಿಸಿದ. ಸಂಜೆ ಯಾರೋ ಬಕೆಟ್ ನೀರು ಸುರಿದರು. ಮೈ ಒದ್ದೆಯಾಯಿತು, ಜಾಗ ಬದಲಾಗಲಿಲ್ಲ. ಮಂಗಳವಾರ ಬಿಸಿಲು ನೆತ್ತಿಗೆ ಬಂದಾಗ ತಾತ ತಡೆಯಲಾರದೆ ಎದ್ದುಬಂದ. “ಏಯ್, ಇಲ್ಲಿ ಕೂತು ಯಾರನ್ನ ಹೆದರಿಸ್ತೀಯಯ್ಯ? ಕಾಲಿದೆಯಲ್ಲ, ಓಡಿಹೋಗು. ಗುರುವಾರ ಅಲ್ಲಿಗೆ ಹೋದರೆ ಅವರು ನಿನ್ನನ್ನ ಸುಮ್ನೆ ಬಿಡ್ತಾರಾ?”

“ಒಂದು ಸಲ ಓಡಿದ್ದು ಸಾಕು ತಾತ,” ಅಂದ. “ಗುರುವಾರದವರೆಗೆ ಏಳಲ್ಲ. ಅಕ್ಕ ಕರೆದರೆ ಅವಳ ಜೊತೆ ಹೋಗ್ತೀನಿ. ಕರೆಯದಿದ್ದರೆ ಅವಳ ಹಿಂದೆ ಹೋಗ್ತೀನಿ. ಅವರು ಏನು ಬೇಕಾದರೂ ಕಿತ್ಕೊಳ್ಳಲಿ.”

“ಭಂಡ!” ಎಂದ ತಾತ. ಹೆಗಲ ಮೇಲಿನ ಬಟ್ಟೆ ತೆಗೆದು ಅವನ ತಲೆಯ ಮೇಲೆ ಎಸೆದು ಹೋದ.

ಅಕ್ಕ ಆ ಮೂರು ದಿನ ಅವನ ಕಡೆ ನೋಡಲಿಲ್ಲ. ಕೆಂಡ ತಾನೇ ಊದಿದಳು, ಗಂಟು ತಾನೇ ಹೊತ್ತಳು. ಶಾಪ ಮಾತ್ರ ಹಾಕಲಿಲ್ಲ, ಬೀದಿಗೆಲ್ಲ ಅದೇ ಆಶ್ಚರ್ಯ. ಗುರುವಾರ ಬೆಳಗ್ಗೆ ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದು ಅವನ ಮುಂದೆ ನಿಂತಳು.

“ಏಳು. ಕ್ಷಮಿಸಿ ಕರೀತಿದ್ದೀನಿ ಅಂದ್ಕೋಬೇಡ. ನನ್ನ ಹೊಟ್ಟೆಯ ಬೆಂಕಿ ಹಾಗೇ ಇದೆ. ನನಗೆ ನಿನ್ನ ಬಾಯಿ ಬೇಕು, ಅದಕ್ಕೆ.”

“ಅಷ್ಟು ಸಾಕು ಅಕ್ಕ,” ಎಂದು ಅವನು ಎದ್ದ. ಕಾಲು ಜೋಮು ಹಿಡಿದಿತ್ತು, ಮುಗ್ಗರಿಸಿದ. ಅವಳು ಕೈ ಕೊಡಲಿಲ್ಲ. ಬಿದ್ದುಗಿದ್ದಾನೆಂದು ನಿಂತು ಕಾದಳು.

ವಿಚಾರಣೆಯ ಕೋಣೆ ಅಂಥ ದೊಡ್ಡದೇನಲ್ಲ. ಒಂದು ಉದ್ದ ಮೇಜು, ಸದ್ದು ಮಾಡುವ ಫ್ಯಾನು, ಗೋಡೆ ಪೂರ್ತಿ ಕಡತಗಳ ಬೀರು. ಅಧಿಕಾರಿ ಕನ್ನಡಕದ, ಸುಸ್ತಾದ ಮನುಷ್ಯ. ಪಕ್ಕದಲ್ಲಿ ಗುಮಾಸ್ತ. ಎದುರು ಕುರ್ಚಿಯಲ್ಲಿ ಜೈಲರ್, ಅವನ ಹಿಂದೆ ರಿಜಿಸ್ಟರುಗಳನ್ನು ಎದೆಗವಚಿಕೊಂಡ ಮುದಿ ವಾರ್ಡರ್. ಬೀದಿಯ ಹದಿನೈದಿಪ್ಪತ್ತು ಜನ ಬಾಗಿಲಲ್ಲಿ ಒತ್ತರಿಸಿ ನಿಂತಿದ್ದರು. ಅಂಗಡಿಗೆ ಬೀಗ ಹಾಕಿ ಕತ್ತರಿಯೂ ಬಂದಿದ್ದ.

ಪಾದ್ರಿ ಮುಂದೆ ಬಂದು ತಾನು ಯಾರೆಂದು ಹೇಳಿದ. ಬರೆದದ್ದು ಸುಳ್ಳು ಅಂದ. ಕಂಡದ್ದು ಕಂಡಂತೆ ಹೇಳಿದ: ಉಗ್ರಾಣ, ಅಂಗಾಲು, ಪಕ್ಕೆ, ಕೊಟ್ಟ ಪೆನ್ನು.

ಜೈಲರ್ ಬೆವರಲೂ ಇಲ್ಲ. ನಗುನಗುತ್ತ ಎದ್ದು ನಿಂತ. “ಸ್ವಾಮಿ, ಇವನು ಪಾದ್ರಿನೇ ಅಲ್ಲ. ನಮ್ಮ ಪಾದ್ರಿಯವರು ಹಿರಿಯರ ಮನೆಯಲ್ಲಿ ವಿಶ್ರಾಂತಿಯಲ್ಲಿದ್ದಾರೆ, ಇಗೋ ಬಿಷಪ್ಪರ ಕಚೇರಿಯ ಪತ್ರ. ಇವನೊಬ್ಬ ಹಳೇ ಕೈದಿ. ಈ ಅಮ್ಮನ ಮನೇಲಿ ತಿಂದ್ಕೊಂಡು ಬಿದ್ದಿದ್ದಾನೆ. ಬೇಕಾದರೆ ಆ ಬೀದಿಯಲ್ಲಿ ಯಾರನ್ನಾದರೂ ಕೇಳಿ, ಕಂಬಳಿ ಹೊತ್ತು ಹಿಂದಿನ ಬಾಗಿಲಿಂದ ಬಂದೋನು ಅಂತಾರೆ.”

ಅಧಿಕಾರಿ ವಾರ್ಡರನ ಕಡೆ ತಿರುಗಿದ. “ನೀನು ಹೇಳಪ್ಪ. ಇವರು ಯಾರು?”

ಏಳು ವರ್ಷ ದಿನಾ ಬೆಳಗ್ಗೆ ‘ನಮಸ್ಕಾರ ಫಾದರ್’ ಎಂದು ಬಾಗಿಲು ತೆಗೆದ ಮುದುಕ ಜೈಲರನನ್ನು ನೋಡಿದ, ನೆಲ ನೋಡಿದ. “ಗೊತ್ತಿಲ್ಲ ಸ್ವಾಮಿ. ಹಳೇ ಕೈದಿ ಇರಬೇಕು.”

ಪಾದ್ರಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಆ ಹೆದರಿಕೆ ಹೇಗಿರುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅಕ್ಕನಿಗೆ ಗೊತ್ತಿರಲಿಲ್ಲ, ಗೊತ್ತಾಗುವುದೂ ಬೇಕಿರಲಿಲ್ಲ. ಅವಳು ದಡಬಡ ಮೇಜಿನವರೆಗೆ ನಡೆದುಬಂದಳು.

“ಇವನು ಕೈದಿನಾ? ಸರಿ. ಹಾಗಾದರೆ ಇವನ ನಂಬರು ಎಷ್ಟು, ಕೇಳಿ ಸ್ವಾಮಿ! ನನ್ನ ಮಗ ಇಪ್ಪತ್ತೇ ದಿನ ಇದ್ದದ್ದು, ಅವನಿಗೂ ನಂಬರು ಕೊಟ್ಟಿದ್ರು. ಆ ಪುಸ್ತಕ ಎದೆಗೆ ಅವಚಿಕೊಂಡು ನಿಂತಿದ್ದಾನಲ್ಲ ನಿಮ್ಮ ಮುದುಕ, ಬಿಚ್ಚಿ ತೋರಿಸಲಿ! ಇವನು ಕೈದಿ ಅಂತ ನಾನೂ ಆರು ತಿಂಗಳು ನಂಬಿದ್ದೆ, ನನಗೆ ಪುಸ್ತಕ ಓದೋಕೆ ಬರಲ್ಲ. ನಿಮಗೆ ಬರುತ್ತಲ್ಲ?”

ಜೈಲರನ ನಗು ಮುಖದಲ್ಲೇ ಅಂಟಿಕೊಂಡು ಉಳಿಯಿತು. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ರಿಜಿಸ್ಟರು ತರಿಸಿದ. ಆರು ತಿಂಗಳ ಹಿಂದೆ ಬಿಡುಗಡೆಯಾದವರ ಪುಟ ತೆರೆದು ಬೆರಳಿಟ್ಟು ಓದಿದ. ಆ ತಿಂಗಳು ಹಿಂದಿನ ಬಾಗಿಲಿನಿಂದ ಹೊರಬಂದವರು ಇಬ್ಬರು. ಒಬ್ಬನಿಗೆ ಎಪ್ಪತ್ತು ವರ್ಷ, ಇನ್ನೊಬ್ಬನಿಗೆ ಒಂದು ಕೈಯಿಲ್ಲ. ಹಿಂದಿನ ತಿಂಗಳು ನೋಡಿದ, ಮುಂದಿನ ತಿಂಗಳು ನೋಡಿದ. “ಇದರಲ್ಲಿ ಇವರು ಯಾರು?” ಎಂದು ಜೈಲರನನ್ನು ಕೇಳಿದ. ಅಧಿಕಾರಿ ಒಂದು ಬಿಳಿ ಹಾಳೆ ಸರಿಸಿ, ಕಡತದ ಆ ನಾಲ್ಕು ಸಾಲನ್ನು ತಾನೇ ಓದಿ ಹೇಳಿ ಪಾದ್ರಿಯ ಕೈಯಲ್ಲಿ ಬರೆಸಿದ. ಅದೇ ದುಂಡು ಅಕ್ಷರ, ಅದೇ ಓರೆ, ಅದೇ ಸಹಿ. ಎರಡು ಕಾಗದವನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದ.

“ಫಾದರ್,” ಅಂದ ಅಧಿಕಾರಿ. ಕೋಣೆಯಲ್ಲಿ ಆ ಪದವನ್ನು ಮೊದಲು ಹೇಳಿದವನು ಅವನೇ. “ಒಂದು ಮಾತು ತಿಳ್ಕೊಳ್ಳಿ. ನೀವು ಪಾದ್ರಿ ಅಂತ ನಾನು ಬರೆದುಕೊಂಡ ಕ್ಷಣ ನೀವು ಸುಳ್ಳು ಪ್ರಮಾಣಪತ್ರ ಬರೆದ ಅಪರಾಧಿ. ಇಲ್ಲಿಂದಲೇ ಪೊಲೀಸರು ಕರ್ಕೊಂಡು ಹೋಗ್ತಾರೆ. ಮೇಲಿಂದ ನಿಮ್ಮ ಚರ್ಚಿನವರೂ ಕೈಬಿಡ್ತಾರೆ. ಇನ್ನೂ ಸಮಯ ಇದೆ. ನೆನಪು ಸರಿಯಿಲ್ಲ, ತಪ್ಪಿ ಹೇಳಿದೆ ಅಂದ್ರೆ ನಾನು ಹಾಳೆ ಹರಿದುಹಾಕ್ತೀನಿ, ನೀವು ನಿಮ್ಮ ದಾರಿ ಹಿಡೀಬಹುದು.”

ಜೈಲರ್ ಮುಂದಕ್ಕೆ ಬಾಗಿದ. ಪಾದ್ರಿ ಅವನನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಒಂದೂವರೆ ವರ್ಷದ ಹಿಂದೆ ಆ ಕಣ್ಣೆದುರು ತಗ್ಗಿದ ತಲೆ ಇದು. ಈಗ ತಗ್ಗಲಿಲ್ಲ. ಅವನಿಗೇ ಅದು ಖುಷಿ ಕೊಟ್ಟಿತು.

“ನನ್ನ ನೆನಪು ಗಟ್ಟಿಯಾಗಿದೆ. ಬರೆದುಕೊಳ್ಳಿ,” ಅಂದ. “ಇವರು ಹೊಡೆದು ಕೊಂದರು, ನಾನು ಮುಚ್ಚಿಟ್ಟೆ. ಎರಡನ್ನೂ ಬರೆದುಕೊಳ್ಳಿ. ನನ್ನದನ್ನು ಬಿಟ್ಟು ಅವರದು ಮಾತ್ರ ಬರೆಯಬೇಡಿ. ಅವರದನ್ನು ಬಿಟ್ಟು ನನ್ನದು ಮಾತ್ರವೂ ಬರೆಯಬೇಡಿ. ಆಮೇಲೆ ಕರೆದುಕೊಂಡು ಹೋಗಿ, ದಾರಿ ನನಗೆ ಗೊತ್ತು.”

ಬಾಗಿಲಲ್ಲಿ ಕತ್ತರಿ ಶಿಳ್ಳೆ ಹೊಡೆದ. ಗುಮಾಸ್ತ ಗದರಿದ. ಅಧಿಕಾರಿ ಪೆನ್ನು ತೆಗೆದು ಕಡತದ ಮೇಲೆ ಬಗ್ಗಿ, ಒಂದು ಪದದ ಮೇಲೆ ಗೆರೆ ಎಳೆದು, ಅದರ ಮೇಲೆ ಬರೆದ. ಅದರ ಕೆಳಗೆ ಮೂರು ಸಾಲು ಬರೆದ. ಜೈಲರನಿಗೂ ಡಾಕ್ಟರನಿಗೂ ನೋಟೀಸು, ಹೆಣ ತೆಗೆಸಿ ಪರೀಕ್ಷೆ, ಮೊಕದ್ದಮೆ ಮೇಲಿನ ಕೋರ್ಟಿಗೆ. ಸಹಿ ಹಾಕಿ ಎದ್ದುಬಿಟ್ಟ. ಗುಮಾಸ್ತ ಕಡತಕ್ಕೆ ದಾರ ಸುತ್ತಲು ಹೊರಟ.

“ಓದಿ,” ಅಂದಳು ಅಕ್ಕ.

“ಪ್ರತಿ ಸಿಗುತ್ತಮ್ಮ. ಅರ್ಜಿ ಕೊಡಿ, ಹದಿನೈದು ದಿನ...”

“ಪ್ರತಿ ನಿಮ್ಮ ಅಜ್ಜಿಗೆ ಕೊಡಿ! ನನಗೆ ಓದಿ ಹೇಳಿ. ಜ್ವರ ಅಂತ ಓದುವಾಗ ಎಲ್ಲರ ಗಂಟಲೂ ಚೆನ್ನಾಗಿತ್ತಲ್ಲ, ಈಗೇನು ಬಂತು?”

ಗುಮಾಸ್ತ ಜೈಲರನ ಮುಖ ನೋಡಿದ, ಅಧಿಕಾರಿಯ ಮುಖ ನೋಡಿದ. ಕಡತವನ್ನು ಎದೆಗೆ ಒತ್ತಿಕೊಂಡ. ಅಷ್ಟರಲ್ಲಿ ಇಬ್ಬರು ಪೊಲೀಸರು ಬಂದು ಪಾದ್ರಿಯ ರಟ್ಟೆ ಹಿಡಿದಿದ್ದರು. ಅಕ್ಕ ಗುಮಾಸ್ತನ ಕೈಯಿಂದ ಕಡತವನ್ನು ಎಳೆದುಕೊಂಡಳು. ಅಧಿಕಾರಿ ಬೇಡವೆನ್ನಲಿಲ್ಲ. ಅವಳು ಅದನ್ನು ಬಿಚ್ಚಿ ಪಾದ್ರಿಯ ಮುಖದ ಮುಂದೆ ಹಿಡಿದಳು.

“ನೀನು ಓದು. ನಿನ್ನ ಕೈಯೇ ಸುಳ್ಳು ಬರೆದದ್ದು. ನಿನ್ನ ಬಾಯೇ ನಿಜ ಓದಲಿ.”

ಅವನು ಓದಿದ. ಮೆಲ್ಲಗೆ ಓದಲಿಲ್ಲ. ಸಾವಿರ ಜನರ ಅಂಗಳದಲ್ಲಿ ಮೈಕಿಲ್ಲದೆ ಪ್ರಾರ್ಥನೆ ಹೇಳಿಸಿದ ಗಂಟಲು ಅದು. ಹುಡುಗನ ಹೆಸರು, ಅವನ ತಾಯಿಯ ಹೆಸರು, ವಯಸ್ಸು ಇಪ್ಪತ್ತೆರಡು, ಸಾವಿನ ಕಾರಣ: ಜ್ವರ ಅಲ್ಲ, ಜೈಲಿನ ಸಿಬ್ಬಂದಿಯ ಹೊಡೆತ. ಫ್ಯಾನಿನ ಸದ್ದು ಅಡಗಿಹೋಯಿತು. ಹೊರಗಿನ ಓಣಿಯಲ್ಲಿ ಟೈಪು ಹೊಡೆಯುತ್ತಿದ್ದವರು ಕೈ ನಿಲ್ಲಿಸಿದರು, ಮಹಡಿಯ ಮೆಟ್ಟಿಲಲ್ಲಿ ಹೋಗುತ್ತಿದ್ದವರು ನಿಂತರು. ಚಪ್ಪಲಿ ತಾತ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತ. ಮುದಿ ವಾರ್ಡರ್ ತಲೆಯ ಟೋಪಿ ತೆಗೆದ.

ಅಕ್ಕ ಅಳಲಿಲ್ಲ. “ಇನ್ನೊಂದು ಸಲ,” ಅಂದಳು.

ಪೊಲೀಸಿನವನು ಪಾದ್ರಿಯ ತೋಳು ಎಳೆದ. “ಸಾಕು ನಡೀರಿ, ಹೊತ್ತಾಯ್ತು.”

“ಏಯ್, ನಿಲ್ಲಯ್ಯ!” ಎಂದು ಅಕ್ಕ ಅವನ ಕೈಯನ್ನು ಕಿತ್ತು ಬಿಸಾಡಿದಳು. “ಒಂದೂವರೆ ವರ್ಷ ಕಾದಿದ್ದೀನಿ ನಾನು. ನೀನು ಎರಡು ನಿಮಿಷ ಕಾದರೆ ಸವೆದುಹೋಗಲ್ಲ. ಓದೋ ತಮ್ಮ. ಆ ಹೊರಗಿನ ಬೀದಿವರೆಗೂ ಕೇಳಬೇಕು, ಗಟ್ಟಿಯಾಗಿ ಓದು.”